ಕೆಂಪು ಹುಂಜದ ಪಕ್ಷ: ಘಾನಾದ ಸಿಪಿಪಿ ಬೆಳೆದದ್ದು ಹೇಗೆ, ಬಿದ್ದದ್ದು ಹೇಗೆ?

2025ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಘಾನಾಕ್ಕೆ ಹೋಗಿದ್ದರು. ಆಗ ರಾಜಧಾನಿ ಆಕ್ರಾದ ಒಂದು ಸ್ಮಾರಕಕ್ಕೂ ಹೋಗಿ ಗೌರವ ಸಲ್ಲಿಸಿದರು. ಅದು ಆ ದೇಶದ ಮೊದಲ ನಾಯಕ ಕ್ವಾಮೆ ಎನ್‌ಕ್ರುಮಾ ಅವರ ಸಮಾಧಿ ಇರುವ ಜಾಗ. ಅಲ್ಲಿ ಎನ್‌ಕ್ರುಮಾ ಅವರ ಎರಡು ಪ್ರತಿಮೆಗಳಿವೆ. ಒಂದು ಕೈ ಮುಂದೆ ಚಾಚಿ ನಿಂತದ್ದು. ಇನ್ನೊಂದಕ್ಕೆ ತಲೆಯೇ ಇಲ್ಲ. 1966ರಲ್ಲಿ ಜನರು ಕೆಡವಿದ ಪ್ರತಿಮೆ ಅದು. ಅದರ ತಲೆಯನ್ನು ಯಾರೋ ಎತ್ತಿಕೊಂಡು ಹೋಗಿ ಕಾಪಾಡಿದ್ದರು. 2009ರಲ್ಲಿ ಅದು ಸರ್ಕಾರದ ಕೈಗೆ ವಾಪಸ್ ಬಂತು. ಈಗ ತಲೆಯನ್ನು ಪಕ್ಕದಲ್ಲಿ ಬೇರೆಯಾಗಿಯೇ ಇಟ್ಟಿದ್ದಾರೆ.

ಸ್ವಾತಂತ್ರ್ಯ ತಂದುಕೊಟ್ಟವನ ಪ್ರತಿಮೆಯನ್ನು ಒಂಬತ್ತೇ ವರ್ಷಕ್ಕೆ ಜನ ಯಾಕೆ ಕೆಡವಿದರು? ಆಮೇಲೆ ಅದೇ ಜನ ಅದನ್ನು ಯಾಕೆ ಕಾಪಾಡಿಟ್ಟರು? ಇದಕ್ಕೆ ಉತ್ತರ ಬೇಕಾದರೆ ಎನ್‌ಕ್ರುಮಾ ಒಬ್ಬರ ಕಥೆ ಸಾಲದು. ಅವರು ಕಟ್ಟಿದ ಪಕ್ಷದ ಕಥೆ ಗೊತ್ತಿರಬೇಕು. ಆ ಪಕ್ಷದ ಹೆಸರು ಕನ್ವೆನ್ಷನ್ ಪೀಪಲ್ಸ್ ಪಾರ್ಟಿ, ಚಿಕ್ಕದಾಗಿ ಸಿಪಿಪಿ. ಗುರುತು ಕೆಂಪು ಹುಂಜ.

ಕೊಕ್ಕೋ ಬೆಳೆಯುವ ನಾಡು

ಇವತ್ತಿನ ಘಾನಾದ ಹಳೆಯ ಹೆಸರು ಗೋಲ್ಡ್ ಕೋಸ್ಟ್. ಚಿನ್ನದ ಕರಾವಳಿ. ಪಶ್ಚಿಮ ಆಫ್ರಿಕಾದ ಈ ನಾಡು ಬ್ರಿಟಿಷರ ವಸಾಹತು ಆಗಿತ್ತು. ವಸಾಹತು ಅಂದರೆ ಬೇರೆ ದೇಶದವರು ಬಂದು ಆಳುವ, ಅಲ್ಲಿನ ಸಂಪತ್ತನ್ನು ತಮ್ಮ ಅನುಕೂಲಕ್ಕೆ ಬಳಸುವ ಪ್ರದೇಶ. ಆ ಹಿಡಿತದಿಂದ ದೇಶಗಳು ಒಂದೊಂದಾಗಿ ಬಿಡಿಸಿಕೊಂಡದ್ದನ್ನೇ ವಸಾಹತು ಮುಕ್ತಿ ಅನ್ನುತ್ತೇವೆ. ನಮ್ಮಲ್ಲಿ ಅದು 1947ರಲ್ಲಿ ಆಯಿತು. ಆಫ್ರಿಕಾದ ಹೆಚ್ಚಿನ ದೇಶಗಳಲ್ಲಿ 1950 ಮತ್ತು 60ರ ದಶಕದಲ್ಲಿ ಆಯಿತು. ಸಹಾರಾ ಮರುಭೂಮಿಯ ದಕ್ಷಿಣದ ವಸಾಹತುಗಳಲ್ಲಿ ಈ ದಾರಿ ತೆರೆದದ್ದೇ ಘಾನಾ.

ಹೆಸರಿನಲ್ಲಿ ಚಿನ್ನ ಇದ್ದರೂ ಆ ನಾಡಿನ ಹೊಟ್ಟೆ ತುಂಬಿಸುತ್ತಿದ್ದದ್ದು ಕೊಕ್ಕೋ. ಚಾಕೊಲೇಟ್ ಮಾಡುವ ಬೀಜ. ಪುತ್ತೂರು, ಸುಳ್ಯದ ಕಡೆಯ ಅಡಿಕೆ ತೋಟದವರಿಗೆ ಈ ಗಿಡ ಹೊಸದಲ್ಲ. ಅಡಿಕೆ ಮರದ ನೆರಳಿನಲ್ಲಿ ಬೆಳೆದು, ಹಸಿ ಬೀಜ ಬಿಡಿಸಿ ಮಾರುವವರು ಅವರು. 2024ರಲ್ಲಿ ಕೊಕ್ಕೋ ಬೆಲೆ ಕಂಡರಿಯದಷ್ಟು ಏರಿದ್ದೂ ನೆನಪಿರಬಹುದು. ಘಾನಾ ಮತ್ತು ಅದರ ಪಕ್ಕದ ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟದ್ದು ಅದಕ್ಕೆ ದೊಡ್ಡ ಕಾರಣ. ಅಲ್ಲಿನ ತೋಟಕ್ಕೆ ರೋಗ ಬಿದ್ದರೆ ಇಲ್ಲಿನ ಬೆಲೆ ಅಲುಗಾಡುತ್ತದೆ.

1911ರ ಹೊತ್ತಿಗೇ ಗೋಲ್ಡ್ ಕೋಸ್ಟ್ ಪ್ರಪಂಚದಲ್ಲೇ ಅತಿ ಹೆಚ್ಚು ಕೊಕ್ಕೋ ಬೆಳೆಯುವ ನಾಡಾಗಿತ್ತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಇದನ್ನು ಬೆಳೆದವರು ಬಿಳಿಯರ ದೊಡ್ಡ ಎಸ್ಟೇಟುಗಳಲ್ಲ. ಎರಡು, ಮೂರು ಎಕರೆಯ ಸಣ್ಣ ರೈತರು. ಹಾಗಾಗಿ ಕೊಕ್ಕೋ ಬೆಲೆ ಅಲ್ಲಿ ಲಕ್ಷಾಂತರ ಮನೆಗಳ ಅಡುಗೆಮನೆಗೆ ಸೇರಿದ ವಿಷಯವಾಗಿತ್ತು. ಸಿಪಿಪಿಯ ಏಳು ಬೀಳು ಎರಡರಲ್ಲೂ ಈ ಬೀಜ ಮತ್ತೆ ಮತ್ತೆ ಎದುರಾಗುತ್ತದೆ.

ಗುಂಡು ಹಾರಿದ ಮಧ್ಯಾಹ್ನ

ಎರಡನೇ ಮಹಾಯುದ್ಧದಲ್ಲಿ ಗೋಲ್ಡ್ ಕೋಸ್ಟ್‌ನ ಸಾವಿರಾರು ಯುವಕರು ಬ್ರಿಟಿಷರ ಪರ ಹೋರಾಡಿದರು. ಅವರಲ್ಲಿ ಬಹಳ ಮಂದಿ ಬರ್ಮಾದ ಕಾಡುಗಳಲ್ಲಿ ಭಾರತೀಯ ಸೈನಿಕರ ಜೊತೆಗೇ ಜಪಾನಿನ ವಿರುದ್ಧ ಕಾದಿದವರು. ಯುದ್ಧ ಮುಗಿಸಿ ಊರಿಗೆ ಬಂದರೆ ಕೆಲಸ ಇಲ್ಲ. ಹೇಳಿದ ಪಿಂಚಣಿ ಸರಿಯಾಗಿ ಸಿಗಲಿಲ್ಲ. ಬಟ್ಟೆ, ಸೀಮೆಎಣ್ಣೆ, ಡಬ್ಬಿ ಆಹಾರ ಎಲ್ಲದರ ಬೆಲೆ ಏರಿತ್ತು. ಆ ವ್ಯಾಪಾರವೆಲ್ಲ ಕೆಲವು ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಅದೇ ಹೊತ್ತಿಗೆ ಕೊಕ್ಕೋ ಗಿಡಗಳಿಗೆ ರೋಗ ಬಂದಿತ್ತು. ರೋಗ ಹರಡದಿರಲಿ ಅಂತ ಸರ್ಕಾರ ಗಿಡಗಳನ್ನು ಕಡಿಸುತ್ತಿತ್ತು. ಕಣ್ಣೆದುರಿಗೇ ತೋಟ ಕಡಿಯುವುದನ್ನು ನೋಡಿದ ರೈತನ ಸಿಟ್ಟು ಹೇಗಿರುತ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ.

1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ತಮ್ಮ ಬೇಡಿಕೆಯ ಮನವಿ ಹಿಡಿದು ಗವರ್ನರ್ ಇದ್ದ ಕೋಟೆಯ ಕಡೆ ನಡೆದರು. ಕೈಯಲ್ಲಿ ಆಯುಧ ಇರಲಿಲ್ಲ. ದಾರಿಯಲ್ಲಿ ಪೊಲೀಸರು ತಡೆದರು. ಒಬ್ಬ ಬ್ರಿಟಿಷ್ ಅಧಿಕಾರಿ ಗುಂಡು ಹಾರಿಸಿದ. ಮೂವರು ಸತ್ತರು. ಸಾರ್ಜೆಂಟ್ ಅಡ್ಜೆಟಿ, ಕಾರ್ಪೊರಲ್ ಅಟಿಪೋ, ಸೈನಿಕ ಒಡಾರ್ಟೆ ಲ್ಯಾಂಪ್ಟೆ. ಸುದ್ದಿ ಹಬ್ಬಿದ ಕೂಡಲೇ ಆಕ್ರಾ ಹೊತ್ತಿ ಉರಿಯಿತು. ವಿದೇಶಿ ಅಂಗಡಿಗಳು ಲೂಟಿಯಾದವು. ಗಲಭೆ ಬೇರೆ ಊರುಗಳಿಗೂ ಹರಡಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಆಗ ಅಲ್ಲಿ ಮುಖ್ಯವಾಗಿ ಇದ್ದ ರಾಜಕೀಯ ಸಂಘಟನೆ ಒಂದು. ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್, ಯುಜಿಸಿಸಿ. 1947ರಲ್ಲಿ ಹುಟ್ಟಿದ ಇದರಲ್ಲಿ ಇದ್ದವರು ವಕೀಲರು, ವ್ಯಾಪಾರಿಗಳು, ಒಳ್ಳೆಯ ಮನೆತನದವರು. ಮುಂಚೂಣಿಯಲ್ಲಿ ಜೆ.ಬಿ. ಡಾಂಕ್ವಾ ಎಂಬ ಹೆಸರಾಂತ ವಕೀಲರು. ಇವರೆಲ್ಲರಿಗೂ ತಮ್ಮ ವೃತ್ತಿ ಇತ್ತು. ಪೂರ್ತಿ ಸಮಯ ಓಡಾಡಿ ಸಂಘಟನೆ ಕಟ್ಟುವವರು ಬೇಕಾಗಿತ್ತು. ಅದಕ್ಕೆ ಅಕೊ ಅಡ್ಜೆ ಎಂಬ ಸದಸ್ಯರು ತಮ್ಮ ಗೆಳೆಯನ ಹೆಸರು ಸೂಚಿಸಿದರು. ಅಮೆರಿಕದಲ್ಲಿ ಹತ್ತು ವರ್ಷ ಓದಿ, ಲಂಡನ್‌ನಲ್ಲಿದ್ದ ಎನ್‌ಕ್ರುಮಾ. 1947ರ ಕೊನೆಯಲ್ಲಿ ಅವರು ಬಂದು ಕಾರ್ಯದರ್ಶಿಯಾದರು. ಅಕೊ ಅಡ್ಜೆ ಅವರ ಹೆಸರು ನೆನಪಿಟ್ಟುಕೊಳ್ಳಿ. ಅವರು ಮುಂದೆ ಮತ್ತೆ ಬರುತ್ತಾರೆ.

ಗಲಭೆ ಮಾಡಿಸಿದವರು ಇವರೇ ಅಂತ ಬ್ರಿಟಿಷರು ಆರು ನಾಯಕರನ್ನು ಬಂಧಿಸಿದರು. ಡಾಂಕ್ವಾ, ಎನ್‌ಕ್ರುಮಾ, ಅಕೊ ಅಡ್ಜೆ ಮೂವರೂ ಅದರಲ್ಲಿದ್ದರು. ಇವತ್ತಿಗೂ ಘಾನಾದ ನೋಟುಗಳ ಮೇಲೆ ಈ ಆರು ಮುಖಗಳನ್ನು ನೋಡಬಹುದು.

'ಈಗಲೇ' ಎಂಬ ಒಂದು ಪದ

ಬಿಡುಗಡೆಯಾದ ಮೇಲೆ ಒಳಗಿನ ಜಗಳ ಶುರುವಾಯಿತು. ಯುಜಿಸಿಸಿಯ ಹಿರಿಯರು ಕೇಳಿದ್ದು 'ಆದಷ್ಟು ಬೇಗ ಸ್ವಯಮಾಡಳಿತ'. ಎನ್‌ಕ್ರುಮಾ ಕೇಳಿದ್ದು 'ಸ್ವಯಮಾಡಳಿತ ಈಗಲೇ'. ವ್ಯತ್ಯಾಸ ಒಂದೇ ಪದದ್ದು. ಆದರೆ ಅದರ ಹಿಂದೆ ಎರಡು ಬೇರೆ ಜನವರ್ಗಗಳಿದ್ದವು. ಕಾನೂನು ಓದಿ, ಬ್ರಿಟಿಷರ ಜೊತೆ ಕೂತು ಮಾತಾಡಬಲ್ಲವರಿಗೆ ಕಾಯುವ ಶಕ್ತಿ ಇತ್ತು. ಕೆಲಸ ಇಲ್ಲದ ಹುಡುಗನಿಗೆ, ಗಿಡ ಕಳೆದುಕೊಂಡ ರೈತನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

1949ರ ಜೂನ್ 12ರಂದು ಆಕ್ರಾದ ಬಯಲಿನಲ್ಲಿ ಭಾರಿ ಜನಸಾಗರದ ಮುಂದೆ ಎನ್‌ಕ್ರುಮಾ ಹೊಸ ಪಕ್ಷ ಘೋಷಿಸಿದರು. ಹಳೆಯ ಸಂಘಟನೆಯ ಹೆಸರಿನಿಂದ 'ಕನ್ವೆನ್ಷನ್' ಪದವನ್ನು ಇಟ್ಟುಕೊಂಡರು. ಅದಕ್ಕೆ 'ಪೀಪಲ್ಸ್' ಸೇರಿಸಿದರು. ಜನರ ಪಕ್ಷ. ಹಳೆಯದರಿಂದ ಪೂರ್ತಿ ಕಡಿದುಕೊಂಡಿಲ್ಲ, ಆದರೆ ಇದು ನಿಮ್ಮದು ಅಂತ ಹೇಳುವ ಹೆಸರು.

ಜಗಲಿ ಹುಡುಗರು, ಸಂತೆಯ ಹೆಂಗಸರು

ಈ ಪಕ್ಷ ಯಾಕೆ ಅಷ್ಟು ಬೇಗ ಬೆಳೆಯಿತು? ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಭಾಗ ಇದೇ.

ಆ ಕಾಲದಲ್ಲಿ ಆರೇಳನೇ ಕ್ಲಾಸಿನವರೆಗೆ ಓದಿದ ಬಹಳ ಹುಡುಗರು ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದಿದ್ದರು. ಗುಮಾಸ್ತರು, ಡ್ರೈವರ್‌ಗಳು, ಅಂಗಡಿ ಸಹಾಯಕರು, ಶಾಲಾ ಮೇಷ್ಟ್ರುಗಳು. ಕೆಲವರಿಗೆ ಮನೆ ಇರಲಿಲ್ಲ. ಪರಿಚಯದವರ ಮನೆಯ ವರಾಂಡದಲ್ಲಿ ಮಲಗುತ್ತಿದ್ದರು. ಅದಕ್ಕೇ ಶ್ರೀಮಂತರು ಅವರನ್ನು ಹೀನಾಯವಾಗಿ 'ವರಾಂಡಾ ಬಾಯ್ಸ್' ಅನ್ನುತ್ತಿದ್ದರು. ಜಗಲಿ ಹುಡುಗರು. ಸಿಪಿಪಿ ಆ ಬೈಗುಳವನ್ನೇ ಹೆಮ್ಮೆಯ ಹೆಸರು ಮಾಡಿಕೊಂಡಿತು. ನೀವು ಜಗಲಿಯಲ್ಲಿ ಮಲಗುವವರಾ, ಹಾಗಾದರೆ ಈ ಪಕ್ಷ ನಿಮ್ಮದೇ ಅಂತ ಕರೆಯಿತು.

ಇನ್ನೊಂದು ಕಡೆ ಸಂತೆಯ ಹೆಂಗಸರು. ಪಶ್ಚಿಮ ಆಫ್ರಿಕಾದಲ್ಲಿ ಸಂತೆ ನಡೆಸುವವರು ಹೆಚ್ಚಾಗಿ ಹೆಂಗಸರೇ. ಮೀನು, ಗೆಣಸು, ಬಟ್ಟೆ, ಎಲ್ಲದರ ವ್ಯಾಪಾರ ಅವರದ್ದೇ. ಊರೂರಿಗೆ ಸುದ್ದಿ ತಲುಪಿಸುವವರೂ ಅವರೇ. ಸಿಪಿಪಿಗೆ ಅವರು ದುಡ್ಡು ಕೊಟ್ಟರು, ಜನ ಸೇರಿಸಿದರು, ಕಾರ್ಯಕರ್ತರಿಗೆ ಊಟ ಹಾಕಿದರು. ಹನ್ನಾ ಕುಡ್ಜೋ ಅಂತಹ ಹೆಂಗಸರು ಹಳ್ಳಿ ಹಳ್ಳಿ ತಿರುಗಿ ಪಕ್ಷ ಕಟ್ಟಿದರು. ಪತ್ರಕರ್ತೆ ಮೇಬಲ್ ಡವ್ 1954ರಲ್ಲಿ ಸಿಪಿಪಿಯಿಂದ ಗೆದ್ದು ಶಾಸನಸಭೆಗೆ ಹೋದರು.

ಪಕ್ಷದ ಪತ್ರಿಕೆಯನ್ನು ಓದು ಬಂದವರು ಓದಿ ಬೇರೆಯವರಿಗೆ ಹೇಳುತ್ತಿದ್ದರು. ಧ್ವನಿವರ್ಧಕ ಕಟ್ಟಿದ ವ್ಯಾನ್‌ಗಳು ಹಾಡು ಹಾಕಿಕೊಂಡು ಹಳ್ಳಿಗೆ ಬರುತ್ತಿದ್ದವು. ಎದುರು ಸಿಕ್ಕವರಿಗೆ ನಮಸ್ಕಾರ ಹೇಳುವ ಬದಲು ಕೈ ಎತ್ತಿ 'ಫ್ರೀಡಂ' ಅನ್ನುವ ರೂಢಿ ಬಂತು. ಅಕ್ಷರ ಬಾರದವರೂ ಕೆಂಪು ಹುಂಜವನ್ನು ಗುರುತಿಸುತ್ತಿದ್ದರು. ಬೆಳಗಾಯಿತು ಅಂತ ಕೂಗುವ ಹಕ್ಕಿ ಅದು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ ಪಕ್ಷಕ್ಕೆ ಬಾಯಿಯಷ್ಟೇ ಅಲ್ಲ, ಕಿವಿಯೂ ಇತ್ತು. ಸಂತೆಯಲ್ಲಿ ಏನು ಮಾತಾಡುತ್ತಾರೆ, ತೋಟದಲ್ಲಿ ಯಾಕೆ ಸಿಟ್ಟಾಗಿದ್ದಾರೆ ಅನ್ನುವುದು ಮೇಲಿನವರಿಗೆ ಬೇಗ ತಲುಪುತ್ತಿತ್ತು.

ಜೈಲಿನಿಂದ ಅಧಿಕಾರಕ್ಕೆ

1950ರ ಜನವರಿಯಲ್ಲಿ ಎನ್‌ಕ್ರುಮಾ 'ಪಾಸಿಟಿವ್ ಆ್ಯಕ್ಷನ್' ಎಂಬ ಚಳವಳಿಗೆ ಕರೆ ಕೊಟ್ಟರು. ಮುಷ್ಕರ, ಬಹಿಷ್ಕಾರ, ಅಸಹಕಾರ. ಹಿಂಸೆ ಬೇಡ. ಗಾಂಧೀಜಿಯ ದಾರಿಯಿಂದ ಕಲಿತದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಸರ್ಕಾರ ತುರ್ತು ಪರಿಸ್ಥಿತಿ ಹೇರಿ ನಾಯಕರನ್ನು ಜೈಲಿಗೆ ಹಾಕಿತು. ಎನ್‌ಕ್ರುಮಾಗೆ ಮೂರು ವರ್ಷ ಶಿಕ್ಷೆಯಾಯಿತು.

ಜೈಲಿನಿಂದ ಅವರು ಶೌಚದ ಕಾಗದದ ಚೂರುಗಳ ಮೇಲೆ ಸೂಚನೆ ಬರೆದು ಹೊರಗೆ ಕಳಿಸುತ್ತಿದ್ದರು. ಹೊರಗೆ ಪಕ್ಷವನ್ನು ನಡೆಸಿದವರು ಕೊಮ್ಲಾ ಗ್ಬೆಡೆಮಾ. ಜೈಲಿಗೆ ಹೋಗಿ ಬಂದ ಕಾರ್ಯಕರ್ತರಿಗೆ 'ಪಿ.ಜಿ.' ಅಂತ ಬರೆದ ಬಿಳಿ ಟೋಪಿ. ಪಿ.ಜಿ. ಅಂದರೆ ಜೈಲು ಪದವೀಧರ.

1951ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. ಜನ ಆರಿಸುವ 38 ಸ್ಥಾನಗಳಲ್ಲಿ ಸಿಪಿಪಿ 34 ಗೆದ್ದಿತು. ಜೈಲಿನಲ್ಲೇ ಇದ್ದ ಎನ್‌ಕ್ರುಮಾಗೆ ಆಕ್ರಾದಲ್ಲಿ ಬಿದ್ದ 23,122 ಮತಗಳಲ್ಲಿ 22,780 ಸಿಕ್ಕವು. ಗವರ್ನರ್ ಚಾರ್ಲ್ಸ್ ಆರ್ಡನ್ ಕ್ಲಾರ್ಕ್ ಅವರನ್ನು ಬಿಡುಗಡೆ ಮಾಡಿ ಸರ್ಕಾರ ರಚಿಸಲು ಕರೆದರು. ಕೈದಿಯಾಗಿದ್ದವರು ಸರ್ಕಾರದ ಮುಖ್ಯಸ್ಥರಾದರು.

ಆದರೆ ಇದು ಪೂರ್ತಿ ಅಧಿಕಾರ ಅಲ್ಲ. 1937ರಲ್ಲಿ ನಮ್ಮ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದಾಗ ಇದ್ದ ಸ್ಥಿತಿಯನ್ನು ನೆನಪಿಸಿಕೊಳ್ಳಿ. ಶಾಲೆ, ರಸ್ತೆ, ಆಸ್ಪತ್ರೆ ಮಂತ್ರಿಗಳ ಕೈಗೆ ಬಂತು. ಕೊನೆಯ ಮಾತು ಮಾತ್ರ ಗವರ್ನರ್‌ದೇ. ಗೋಲ್ಡ್ ಕೋಸ್ಟ್‌ನಲ್ಲೂ ಹಾಗೇ. ರಕ್ಷಣೆ, ಹಣಕಾಸು, ನ್ಯಾಯ ಮೊದಲಿಗೆ ಬ್ರಿಟಿಷ್ ಅಧಿಕಾರಿಗಳಲ್ಲೇ ಉಳಿಯಿತು. ಆರು ವರ್ಷ ಹೀಗೆ ಅರ್ಧ ಅಧಿಕಾರದಲ್ಲಿ ನಡೆಯಿತು. ಈ ಆರು ವರ್ಷದಲ್ಲಿ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿದರು. ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಹೊಸ ರಸ್ತೆ, ಆಸ್ಪತ್ರೆ ಬಂದವು. ಇದಕ್ಕೆಲ್ಲ ದುಡ್ಡು ಎಲ್ಲಿಂದ?

ಕೊಕ್ಕೋ ಹಣ ಯಾರದ್ದು?

ಕೊಡಗು, ಚಿಕ್ಕಮಗಳೂರಿನ ಹಿರಿಯ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಬೋರ್ಡು ಮಾರಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. 1990ರ ದಶಕದ ಸುಧಾರಣೆಯ ತನಕ ಹೀಗೇ ಇತ್ತು.

ಗೋಲ್ಡ್ ಕೋಸ್ಟ್‌ನಲ್ಲಿ ಬ್ರಿಟಿಷರು 1947ರಲ್ಲಿ ಇಂತಹದ್ದೇ ಕೊಕ್ಕೋ ಮಾರ್ಕೆಟಿಂಗ್ ಬೋರ್ಡ್ ಮಾಡಿದ್ದರು. ರೈತರಿಂದ ನಿಗದಿ ಬೆಲೆಗೆ ಕೊಂಡು, ಹೊರದೇಶಕ್ಕೆ ಮಾರುವುದು. ಹೊರಗೆ ಬೆಲೆ ಜಾಸ್ತಿ ಇದ್ದಾಗ ಉಳಿದದ್ದನ್ನು ಕೂಡಿಡುವುದು, ಬೆಲೆ ಬಿದ್ದಾಗ ಅದರಿಂದ ರೈತರನ್ನು ಕಾಪಾಡುವುದು. ಇದು ಉದ್ದೇಶ. ಸಿಪಿಪಿ ಅಧಿಕಾರಕ್ಕೆ ಬಂದಾಗ ಈ ಬೋರ್ಡಿನ ಹಣ ದೇಶದ ಅತಿ ದೊಡ್ಡ ಉಳಿತಾಯವಾಗಿತ್ತು. ಶಾಲೆ, ಬಂದರು, ಕಾರ್ಖಾನೆ ಕಟ್ಟಬೇಕು ಅನ್ನುವವರ ಕಣ್ಣು ಅದರ ಮೇಲೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ.

1954ರಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 450 ಪೌಂಡ್ ದಾಟಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ಒಂದು ಕಾನೂನು ತಂದಿತು. ಮುಂದಿನ ನಾಲ್ಕು ವರ್ಷ ರೈತನಿಗೆ 60 ಪೌಂಡ್ ತೂಕದ ಒಂದು ಹೊರೆಗೆ 72 ಶಿಲ್ಲಿಂಗ್, ಅಷ್ಟೇ. ಲೆಕ್ಕ ಹಾಕಿದರೆ ಇದು ಟನ್ನಿಗೆ 135 ಪೌಂಡಿಗಿಂತ ಕಡಿಮೆ. ಹೊರಗಿನ ಬೆಲೆಯ ಮೂರನೇ ಒಂದು ಭಾಗವೂ ಅಲ್ಲ. ಉಳಿದದ್ದು ಸರ್ಕಾರಕ್ಕೆ. ಸರ್ಕಾರದ ವಾದ ಹೀಗಿತ್ತು: ರೈತನ ಕೈಗೆ ಒಮ್ಮೆಲೇ ಅಷ್ಟು ದುಡ್ಡು ಬಂದರೆ ಎಲ್ಲದರ ಬೆಲೆ ಏರುತ್ತದೆ, ಮತ್ತೆ ಈ ಹಣ ಇಡೀ ದೇಶದ ಅಭಿವೃದ್ಧಿಗೆ. ರೈತನ ಪ್ರಶ್ನೆ ಇನ್ನೂ ಸರಳವಾಗಿತ್ತು: ನನ್ನ ಬೆವರಿನ ದುಡ್ಡು ನನಗೆ ಕೊಡಲು ನಿಮಗೇನು ಕಷ್ಟ?

ಈ ಸಿಟ್ಟು ಜೋರಾಗಿ ಎದ್ದದ್ದು ದೇಶದ ನಡುಭಾಗದ ಅಸಾಂಟೆ ನಾಡಿನಲ್ಲಿ. ಕೊಕ್ಕೋ ತೋಟಗಳ ನಾಡು ಅದು. ಜೊತೆಗೆ ಹಳೆಯ, ಬಲವಾದ ಒಂದು ರಾಜ್ಯದ ನೆನಪು ಅಲ್ಲಿ ಗಟ್ಟಿಯಾಗಿತ್ತು. 1954ರ ಸೆಪ್ಟೆಂಬರ್‌ನಲ್ಲಿ ಕುಮಾಸಿಯಲ್ಲಿ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಎಂಬ ಪಕ್ಷ ಹುಟ್ಟಿತು. ಪ್ರಾಂತ್ಯಗಳಿಗೆ ಜಾಸ್ತಿ ಅಧಿಕಾರ ಇರುವ ಒಕ್ಕೂಟ ಬೇಕು ಅಂತ ಅವರು ಹಠ ಹಿಡಿದರು. ಎರಡೂ ಕಡೆ ಬಾಂಬು, ಬೆಂಕಿ, ಕೊಲೆಗಳಾದವು. 1955ರ ನವೆಂಬರ್‌ನಲ್ಲಿ ಎನ್‌ಕ್ರುಮಾ ಮನೆಯ ಮೇಲೇ ಬಾಂಬು ಬಿತ್ತು.

ಸ್ವಾತಂತ್ರ್ಯ ಕೊಡುವ ಮೊದಲು ಇನ್ನೊಮ್ಮೆ ಜನಾಭಿಪ್ರಾಯ ಬೇಕು ಅಂತ ಬ್ರಿಟಿಷರು ಪಟ್ಟು ಹಿಡಿದರು. 1956ರ ಜುಲೈ ಚುನಾವಣೆಯಲ್ಲಿ ಸಿಪಿಪಿ 104ರಲ್ಲಿ 71 ಗೆದ್ದಿತು. ಒಟ್ಟು ಮತದಲ್ಲಿ ಶೇ. 57ರಷ್ಟು. ಗೆಲುವು ನಿಜವೇ. ಆದರೆ ಅಸಾಂಟೆಯ 21 ಸ್ಥಾನಗಳಲ್ಲಿ ಸಿಕ್ಕಿದ್ದು 8 ಮಾತ್ರ. ಅಂದರೆ ದೇಶದ ಒಂದು ದೊಡ್ಡ ಭಾಗ ಒಪ್ಪದೇ ಉಳಿದಿತ್ತು.

1957ರ ಮಾರ್ಚ್ 6ರ ಮಧ್ಯರಾತ್ರಿ, ಆಕ್ರಾದ ಹಳೆಯ ಪೋಲೊ ಮೈದಾನದಲ್ಲಿ ಎನ್‌ಕ್ರುಮಾ ಸ್ವಾತಂತ್ರ್ಯ ಘೋಷಿಸಿದರು. ವೇದಿಕೆಯ ಮೇಲೆ ಅವರೂ ಸಂಗಡಿಗರೂ ಸೂಟು ಹಾಕಿರಲಿಲ್ಲ. ಉತ್ತರದ ರೈತರ ಅಂಗಿ, ತಲೆಗೆ ಆ 'ಪಿ.ಜಿ.' ಟೋಪಿ. ನಾಡಿಗೆ ಹಳೆಯ ಆಫ್ರಿಕನ್ ಸಾಮ್ರಾಜ್ಯದ ಹೆಸರು: ಘಾನಾ.

ಕಾನೂನಿನ ಬೇಲಿ

ಇಲ್ಲಿಂದ ಕಥೆಯ ದಿಕ್ಕು ಬದಲಾಗುತ್ತದೆ. ಒಮ್ಮೆಲೇ ಅಲ್ಲ. ಒಂದೊಂದೇ ಹೆಜ್ಜೆ. ಪ್ರತಿ ಹೆಜ್ಜೆಗೂ ಒಂದು ಕಾರಣ ಇತ್ತು.

ಮೊದಲು, 1957ರಲ್ಲೇ, ಜನಾಂಗ, ಪ್ರಾಂತ್ಯ, ಧರ್ಮದ ಹೆಸರಿನ ಪಕ್ಷಗಳನ್ನು ನಿಷೇಧಿಸುವ ಕಾನೂನು. ಹೊಸ ದೇಶ ಒಡೆಯಬಾರದು ಅನ್ನುವುದು ಕಾರಣ. ವಿರೋಧಿಗಳೆಲ್ಲ ಸೇರಿ ಯುನೈಟೆಡ್ ಪಾರ್ಟಿ ಆದರು.

ಆಮೇಲೆ 1958ರಲ್ಲಿ ಮುನ್ನೆಚ್ಚರಿಕೆ ಬಂಧನ ಕಾಯ್ದೆ. ಮುನ್ನೆಚ್ಚರಿಕೆ ಬಂಧನ ಅಂದರೆ, ನೀವು ತಪ್ಪು ಮಾಡಿದ್ದೀರಿ ಅಂತ ಅಲ್ಲ, ಮಾಡಬಹುದು ಅನ್ನುವ ಅನುಮಾನಕ್ಕೆ ಒಳಗೆ ಹಾಕುವುದು. ಭಾರತದಲ್ಲೂ 1950ರಲ್ಲಿ ಇದೇ ಹೆಸರಿನ ಕಾಯ್ದೆ ಬಂದಿತ್ತು. ಆದರೆ ನಮ್ಮಲ್ಲಿ ಸಲಹಾ ಮಂಡಳಿಯ ಪರಿಶೀಲನೆ ಇತ್ತು. ಘಾನಾದಲ್ಲಿ ವಿಚಾರಣೆ ಇಲ್ಲದೆ ಐದು ವರ್ಷ ಇಡಬಹುದಿತ್ತು. ಆ ವರ್ಷವೇ ವಿರೋಧ ಪಕ್ಷದ ಹಲವರು ಒಳಗೆ ಹೋದರು. ಮುಂದೆ ಆ ಸಂಖ್ಯೆ ನೂರಾರಾಯಿತು. ಡಾಂಕ್ವಾ ಕೂಡ ಒಳಗೆ ಹೋದರು. 1965ರ ಫೆಬ್ರವರಿಯಲ್ಲಿ ಅವರು ನ್ಸಾವಾಮ್ ಜೈಲಿನಲ್ಲೇ ತೀರಿಕೊಂಡರು.

1960ರಲ್ಲಿ ಘಾನಾ ಗಣರಾಜ್ಯವಾಯಿತು. ಎನ್‌ಕ್ರುಮಾ ಅಧ್ಯಕ್ಷರಾದರು. 1962ರ ಆಗಸ್ಟ್‌ನಲ್ಲಿ ಕುಲುಂಗುಗು ಎಂಬ ಹಳ್ಳಿಯಲ್ಲಿ ಅವರ ಮೇಲೆ ಬಾಂಬು ಎಸೆದರು. ಗಾಯವಾದರೂ ಬದುಕಿದರು. ಈ ಪ್ರಕರಣದಲ್ಲಿ ಅವರದೇ ಪಕ್ಷದ ದೊಡ್ಡವರು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬರು ಅಕೊ ಅಡ್ಜೆ. ಎನ್‌ಕ್ರುಮಾ ಅವರನ್ನು ಕರೆಸಿ ಅಂತ ಹೇಳಿದ್ದ ಅದೇ ಗೆಳೆಯ, ಆಗ ಮಂತ್ರಿಯಾಗಿದ್ದವರು. 1963ರ ಡಿಸೆಂಬರ್‌ನಲ್ಲಿ ಕೋರ್ಟು ಅವರನ್ನೂ ಇನ್ನಿಬ್ಬರನ್ನೂ ಬಿಡುಗಡೆ ಮಾಡಿತು. ಎನ್‌ಕ್ರುಮಾ ಮುಖ್ಯ ನ್ಯಾಯಮೂರ್ತಿಯನ್ನೇ ಕೆಲಸದಿಂದ ತೆಗೆದರು. ಮರುವಿಚಾರಣೆ ನಡೆಸಿ ಮರಣದಂಡನೆ ಆಯಿತು. ಆಮೇಲೆ ಅದನ್ನು ಜೈಲುಶಿಕ್ಷೆಗೆ ಇಳಿಸಿದರು.

1964ರ ಜನವರಿಯಲ್ಲಿ ಜನಮತಗಣನೆ. ಪ್ರಶ್ನೆ: ಘಾನಾದಲ್ಲಿ ಒಂದೇ ಪಕ್ಷ ಇರಬೇಕೇ? ಉತ್ತರ ಶೇ. 99.9 ಹೌದು. ಎಂಟು ವರ್ಷದ ಹಿಂದೆ ಮುಕ್ತ ಚುನಾವಣೆಯಲ್ಲಿ ಶೇ. 43ರಷ್ಟು ಜನ ವಿರುದ್ಧ ಮತ ಹಾಕಿದ್ದ ದೇಶ ಇದು. ಅಂಕಿಯೇ ಎಲ್ಲ ಹೇಳುತ್ತದೆ. 1965ರ ಚುನಾವಣೆಯಲ್ಲಿ ಮತವೇ ಬೀಳಲಿಲ್ಲ. ಸಿಪಿಪಿ ಅಭ್ಯರ್ಥಿಗಳೆಲ್ಲ ಅವಿರೋಧವಾಗಿ ಗೆದ್ದರು ಅಂತ ಘೋಷಿಸಿದರು.

ಎಲ್ಲವೂ ಪಕ್ಷವಾದಾಗ

ಏಕಪಕ್ಷ ವ್ಯವಸ್ಥೆ ಅಂದರೆ ಕಾನೂನಿನ ಪ್ರಕಾರ ಒಂದೇ ಪಕ್ಷ ಇರುವುದು. ಇದರ ಪರ ವಾದ ಮಾಡಿದವರು ಆಫ್ರಿಕಾದಲ್ಲಿ ಆಗ ಬಹಳ ಇದ್ದರು. ತಾಂಜಾನಿಯಾ, ಮಲಾವಿ, ಜಾಂಬಿಯಾ ಹೀಗೆ ಹಲವು ದೇಶಗಳು ಅದೇ ದಾರಿ ಹಿಡಿದವು. ಹೊಸ ದೇಶ, ಹತ್ತಾರು ಭಾಷೆ, ಬಡತನ. ಇಂತಹ ಮನೆಯಲ್ಲಿ ಜಗಳಕ್ಕೆ ಸಮಯ ಇಲ್ಲ, ಎಲ್ಲರೂ ಒಂದೇ ನೊಗಕ್ಕೆ ಹೆಗಲು ಕೊಡಬೇಕು ಅನ್ನುವುದು ಅವರ ನಂಬಿಕೆ.

ಆದರೆ ಪಕ್ಷದ ಒಳಗೆ ಏನಾಯಿತು ಅಂತ ನೋಡಬೇಕು. ಕಾರ್ಮಿಕ ಸಂಘಗಳು ಪಕ್ಷದ ಅಂಗವಾದವು. ರೈತರ ಸಂಘ ಪಕ್ಷದ್ದು. ಮಹಿಳೆಯರದ್ದೂ, ಮಕ್ಕಳ ಯಂಗ್ ಪಯೊನೀರ್ಸ್ ಕೂಡ ಪಕ್ಷದ್ದೇ. 'ಸಿಪಿಪಿಯೇ ಘಾನಾ, ಘಾನಾವೇ ಸಿಪಿಪಿ' ಅನ್ನುವ ಘೋಷಣೆ ಬಂತು. 1961ರಲ್ಲಿ ಕೊಕ್ಕೋ ಕೊಳ್ಳುವ ಹಕ್ಕನ್ನೂ ಪಕ್ಷದ ರೈತ ಸಂಘಕ್ಕೇ ಕೊಟ್ಟರು. ಮೊದಲು ರೈತ ತನ್ನ ದೂರನ್ನು ಸಂಘಕ್ಕೆ ಹೇಳುತ್ತಿದ್ದ. ಈಗ ತೂಕದಲ್ಲಿ ಮೋಸ ಮಾಡುವವರೂ ಸಂಘದವರೇ ಆದರೆ ಯಾರಿಗೆ ಹೇಳಬೇಕು?

1961ರ ಬಜೆಟ್‌ನಲ್ಲಿ ಹೊಸ ತೆರಿಗೆ, ಜೊತೆಗೆ ಸಂಬಳದಿಂದ ಕಡ್ಡಾಯ ಉಳಿತಾಯ ಬಂತು. ಸೆಪ್ಟೆಂಬರ್‌ನಲ್ಲಿ ಸೆಕೊಂಡಿ ತಕೊರಾಡಿಯ ರೈಲ್ವೆ ಮತ್ತು ಬಂದರು ಕಾರ್ಮಿಕರು ಮುಷ್ಕರ ಹೂಡಿದರು. 1950ರ ಪಾಸಿಟಿವ್ ಆ್ಯಕ್ಷನ್‌ಗೆ ಬೆನ್ನೆಲುಬಾಗಿದ್ದವರು ಇಂತಹ ಕಾರ್ಮಿಕರೇ. ಸಂತೆಯ ಹೆಂಗಸರು ಈ ಸಲವೂ ಊಟ ಹಾಕಿದರು. ಆದರೆ ಈ ಸಲ ಎದುರಿಗೆ ಇದ್ದದ್ದು ಸಿಪಿಪಿ ಸರ್ಕಾರ. ಅದು ಮುಷ್ಕರವನ್ನು ಮುರಿಯಿತು, ಮುಂದಾಳುಗಳನ್ನು ಬಂಧಿಸಿತು. ಅದೇ ವರ್ಷ ಗ್ಬೆಡೆಮಾ ಕೂಡ ಸರ್ಕಾರದಿಂದ ಹೊರಬಿದ್ದು ದೇಶ ಬಿಟ್ಟರು. ಎನ್‌ಕ್ರುಮಾ ಜೈಲಿನಲ್ಲಿದ್ದಾಗ ಪಕ್ಷವನ್ನು ಎತ್ತಿ ಹಿಡಿದವರು ಅವರು.

ಎನ್‌ಕ್ರುಮಾಗೆ ಇದೆಲ್ಲ ಪೂರ್ತಿ ಗೊತ್ತಿರಲಿಲ್ಲ ಅನ್ನಲಾಗದು. 1961ರ ಏಪ್ರಿಲ್ 8ರ ನಸುಕಿನಲ್ಲಿ ರೇಡಿಯೋದಲ್ಲಿ ಮಾತಾಡಿ, ಪಕ್ಷದವರು ದುಡ್ಡು ಮಾಡಿಕೊಳ್ಳುತ್ತಿದ್ದಾರೆ ಅಂತ ಅವರೇ ಬೈದಿದ್ದರು. ಆದರೆ ತಪ್ಪು ತಿದ್ದಬಲ್ಲ ಹೊರಗಿನ ಕೈಗಳು, ಅಂದರೆ ವಿರೋಧ ಪಕ್ಷ, ಕೋರ್ಟು, ಸ್ವತಂತ್ರ ಸಂಘಗಳು, ಆಗಲೇ ಬಲ ಕಳೆದುಕೊಳ್ಳುತ್ತಿದ್ದವು.

ಅತ್ತ ಕೊಕ್ಕೋ ಇನ್ನೊಂದು ಪೆಟ್ಟು ಕೊಟ್ಟಿತು. ಹೊಸ ತೋಟಗಳು ಫಲ ಕೊಟ್ಟು 1964-65ರಲ್ಲಿ ಘಾನಾ 5 ಲಕ್ಷ ಟನ್ನಿಗೂ ಹೆಚ್ಚು ಬೆಳೆಯಿತು. ಮಾರುಕಟ್ಟೆ ತುಂಬಿತು, ಬೆಲೆ ಕುಸಿಯಿತು. 1965ರಲ್ಲಿ ಅದು 1954ರ ಬೆಲೆಯ ಕಾಲು ಭಾಗದ ಹತ್ತಿರಕ್ಕೆ ಇಳಿಯಿತು. ಅದೇ ಹೊತ್ತಿಗೆ ಸರ್ಕಾರ ದೊಡ್ಡ ದೊಡ್ಡ ಕೆಲಸ ಹಿಡಿದಿತ್ತು. ಟೆಮಾ ಬಂದರು, ಸರ್ಕಾರಿ ಕಾರ್ಖಾನೆಗಳು, ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು. ಆ ಅಣೆಕಟ್ಟಿನ ಹಿನ್ನೀರು ಪ್ರಪಂಚದ ಅತಿ ವಿಶಾಲವಾದ ಮಾನವನಿರ್ಮಿತ ಕೆರೆಗಳಲ್ಲಿ ಒಂದು. ಸುಮಾರು 80,000 ಜನ ಅದಕ್ಕಾಗಿ ಊರು ಬಿಟ್ಟರು. ಅದರ ವಿದ್ಯುತ್ತು ಇವತ್ತಿಗೂ ಘಾನಾದ ಮನೆಗಳನ್ನು ಬೆಳಗುತ್ತಿದೆ. ಅವು ಸುಮ್ನೆ ಪೋಲಾದ ದುಡ್ಡು ಅನ್ನುವಂತಿಲ್ಲ. ಆದರೆ ಸ್ವಾತಂತ್ರ್ಯದ ಹೊತ್ತಿಗೆ ಇದ್ದ ಸುಮಾರು 20 ಕೋಟಿ ಪೌಂಡ್ ಉಳಿತಾಯ ಕರಗಿ ಸಾಲ ಬೆಳೆದಿತ್ತು. ಅಂಗಡಿಗಳಲ್ಲಿ ಹಾಲಿನ ಡಬ್ಬಿ, ಸಕ್ಕರೆಗೂ ಕ್ಯೂ ನಿಲ್ಲಬೇಕಾಯಿತು.

1966ರ ಫೆಬ್ರವರಿ 24

ಅಣೆಕಟ್ಟು ಉದ್ಘಾಟನೆಯಾಗಿ ಒಂದು ತಿಂಗಳು. ವಿಯೆಟ್ನಾಂ ಯುದ್ಧ ನಿಲ್ಲಿಸುವ ಮಾತುಕತೆಗೆ ಅಂತ ಎನ್‌ಕ್ರುಮಾ ಹನೋಯ್‌ಗೆ ಹೊರಟಿದ್ದರು. ದಾರಿಯಲ್ಲಿ ಬೀಜಿಂಗ್‌ನಲ್ಲಿ ಇಳಿದಾಗ ಸುದ್ದಿ ಸಿಕ್ಕಿತು. ಸೈನ್ಯದ ಕರ್ನಲ್ ಕೊಟೋಕಾ, ಮೇಜರ್ ಅಫ್ರಿಫಾ ಮತ್ತು ಪೊಲೀಸ್ ಮುಖ್ಯಸ್ಥ ಹಾರ್ಲಿ ಸೇರಿ ಅಧಿಕಾರ ಹಿಡಿದಿದ್ದರು. ಬೆಳಗಿನ ಜಾವ ಕೊಟೋಕಾ ರೇಡಿಯೋದಲ್ಲಿ ಘೋಷಿಸಿದರು: ಸಿಪಿಪಿ ಇನ್ನು ಇಲ್ಲ.

ಸಂಚು ನಡೆಯುತ್ತಿದ್ದದ್ದು ಅಮೆರಿಕದ ಅಧಿಕಾರಿಗಳಿಗೆ ಮೊದಲೇ ಗೊತ್ತಿತ್ತು, ಫಲಿತಾಂಶ ಅವರಿಗೆ ಸಂತೋಷ ತಂದಿತ್ತು ಅನ್ನುವುದು ಆಮೇಲೆ ಹೊರಬಂದ ಅವರದೇ ಕಾಗದಗಳಿಂದ ತಿಳಿದಿದೆ. ಅವರ ಕೈ ಎಷ್ಟು ಆಳಕ್ಕಿತ್ತು ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ಜಗಳ ಇದೆ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಧ್ಯಕ್ಷರ ಭವನದ ಕಾವಲು ಸೈನಿಕರು ಕೆಲವು ಗಂಟೆ ಹೋರಾಡಿದರು. ಪಕ್ಷ ಮಾತ್ರ ಹೋರಾಡಲಿಲ್ಲ. ಲಕ್ಷಾಂತರ ಸದಸ್ಯರಿದ್ದಾರೆ ಅಂತ ಹೇಳಿಕೊಂಡ ಪಕ್ಷ, ಪ್ರತಿ ಹಳ್ಳಿಯಲ್ಲೂ ಶಾಖೆ ಇದ್ದ ಪಕ್ಷ, ಒಂದು ಬೆಳಗಿನ ರೇಡಿಯೋ ಮಾತಿಗೆ ಕರಗಿಹೋಯಿತು. ಮುಷ್ಕರ ಇಲ್ಲ, ಮೆರವಣಿಗೆ ಇಲ್ಲ. ಬೀದಿಗೆ ಬಂದವರು ಕುಣಿದರು. ಪ್ರತಿಮೆ ಕೆಡವಿದರು. ಜೈಲಿನಿಂದ ಬಿಡುಗಡೆಯಾಗಿ ಬಂದ ನೂರಾರು ಜನರಲ್ಲಿ ಅಕೊ ಅಡ್ಜೆಯೂ ಇದ್ದರು.

1951ರಲ್ಲಿ ಪಕ್ಷ ಸೇರಲು ಧೈರ್ಯ ಬೇಕಿತ್ತು. 1965ರಲ್ಲಿ ಪಕ್ಷ ಸೇರದಿರಲು ಧೈರ್ಯ ಬೇಕಿತ್ತು. ಕೆಲಸಕ್ಕೆ, ಪರವಾನಗಿಗೆ, ಗುತ್ತಿಗೆಗೆ ಅಂತ ಕಾರ್ಡು ತೆಗೆದುಕೊಂಡವರು ಸರ್ಕಾರ ಹೋದ ದಿನ ಕಾರ್ಡನ್ನೂ ಬಿಸಾಡಿದರು. ಹಳೆಯ ಜಗಲಿ ಹುಡುಗರಲ್ಲಿ ಕೆಲವರು ಬಂಗಲೆ ಸೇರಿದ್ದರು. ಕೆಲವರು ಜೈಲಿನಲ್ಲಿದ್ದರು. ಉಳಿದವರು ಮನೆಯಲ್ಲೇ ಕೂತಿದ್ದರು.

ಆಮೇಲೆ

ಎನ್‌ಕ್ರುಮಾ ತಾಯ್ನಾಡಿಗೆ ಬದುಕಿ ಮರಳಲಿಲ್ಲ. ಗಿನಿ ದೇಶದ ಅಧ್ಯಕ್ಷ ಸೆಕು ತೂರೆ ಅವರಿಗೆ ಆಶ್ರಯ ಕೊಟ್ಟರು, ಗೌರವದ ಸಹ ಅಧ್ಯಕ್ಷ ಪಟ್ಟವನ್ನೂ ಕೊಟ್ಟರು. 1972ರ ಏಪ್ರಿಲ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅವರು ತೀರಿಕೊಂಡರು. ದೇಹವನ್ನು ಮೊದಲು ಗಿನಿಯಲ್ಲಿ, ಆಮೇಲೆ ಹುಟ್ಟೂರು ಎನ್‌ಕ್ರೊಫುಲ್‌ನಲ್ಲಿ, 1992ರಲ್ಲಿ ಕೊನೆಗೆ ಆಕ್ರಾದ ಹಳೆಯ ಪೋಲೊ ಮೈದಾನದಲ್ಲಿ ಇಟ್ಟರು. ಸ್ವಾತಂತ್ರ್ಯ ಘೋಷಿಸಿದ ಅದೇ ಜಾಗ.

ಅವರನ್ನು ಇಳಿಸಿದ ಕೊಟೋಕಾ 1967ರಲ್ಲಿ ಇನ್ನೊಂದು ದಂಗೆಯಲ್ಲಿ ಸತ್ತರು. ಆಕ್ರಾ ವಿಮಾನ ನಿಲ್ದಾಣಕ್ಕೆ 1969ರಲ್ಲಿ ಕೊಟೋಕಾ ಹೆಸರಿಟ್ಟರು. ಸೈನ್ಯ ಒಮ್ಮೆ ಬಾಗಿಲು ಮುರಿದ ಮೇಲೆ 1972, 1978, 1979, 1981 ಹೀಗೆ ಮತ್ತೆ ಮತ್ತೆ ಮುರಿಯಿತು. 1979ರಲ್ಲಿ ಎನ್‌ಕ್ರುಮಾ ಪರಂಪರೆಯ ಇನ್ನೊಂದು ಪಕ್ಷ ಗೆದ್ದು ಹಿಲ್ಲಾ ಲಿಮನ್ ಅಧ್ಯಕ್ಷರಾದರು. ಎರಡು ವರ್ಷಕ್ಕೇ ಅವರನ್ನೂ ಸೈನ್ಯ ಇಳಿಸಿತು. 1992ರಲ್ಲಿ ಬಹುಪಕ್ಷ ಚುನಾವಣೆ ವಾಪಸ್ ಬಂದಾಗ ಎನ್‌ಕ್ರುಮಾವಾದಿಗಳು ನಾಲ್ಕಾರು ಗುಂಪುಗಳಾಗಿ ಒಡೆದಿದ್ದರು.

ಸಿಪಿಪಿ ಹೆಸರು 1990ರ ದಶಕದ ಕೊನೆಗೆ ಮತ್ತೆ ಬಂತು, ಕೆಂಪು ಹುಂಜವೂ ಬಂತು. 2008ರಲ್ಲಿ ಎನ್‌ಕ್ರುಮಾ ಮಗಳು ಸಾಮಿಯಾ ಜೊಮೊರೊ ಕ್ಷೇತ್ರದಿಂದ ಗೆದ್ದರು. ಆಗ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಅದರ ಅಭ್ಯರ್ಥಿಗೆ ಶೇ. 1ರಷ್ಟು ಮತವೂ ಬರಲಿಲ್ಲ. ಇವತ್ತು ಅಧಿಕಾರ ಕೈ ಬದಲಾಗುವುದು ಎನ್‌ಡಿಸಿ ಮತ್ತು ಎನ್‌ಪಿಪಿ ಎಂಬ ಎರಡು ಪಕ್ಷಗಳ ನಡುವೆ. ಎನ್‌ಪಿಪಿ ತನ್ನ ಬೇರನ್ನು ಡಾಂಕ್ವಾ ಅವರಲ್ಲಿ ಕಾಣುತ್ತದೆ. ಎನ್‌ಕ್ರುಮಾ ಹೆಸರಿನ ಮೇಲೆ ಪ್ರೀತಿ ಇರುವವರು ಹೆಚ್ಚಾಗಿ ಎನ್‌ಡಿಸಿ ಕಡೆ ಹೋದರು.

ಹಳೆಯ ಜಗಳ ಮಾತ್ರ ತಣ್ಣಗಾಗಿಲ್ಲ. 2009ರಲ್ಲಿ ಎನ್‌ಡಿಸಿ ಸರ್ಕಾರ ಎನ್‌ಕ್ರುಮಾ ಹುಟ್ಟಿದ ಸೆಪ್ಟೆಂಬರ್ 21ನ್ನು 'ಸ್ಥಾಪಕನ ದಿನ' ಅಂತ ರಜೆ ಮಾಡಿತು. 2019ರಲ್ಲಿ ಎನ್‌ಪಿಪಿ ಸರ್ಕಾರ ಆಗಸ್ಟ್ 4ನ್ನು 'ಸ್ಥಾಪಕರ ದಿನ' ಮಾಡಿತು. ಆಗಸ್ಟ್ 4 ಯುಜಿಸಿಸಿ ಹುಟ್ಟಿದ ದಿನ. 2025ರಲ್ಲಿ ಮತ್ತೆ ಎನ್‌ಡಿಸಿ ಬಂದು ರಜೆಯನ್ನು ಸೆಪ್ಟೆಂಬರ್ 21ಕ್ಕೇ ವಾಪಸ್ ತಂದಿತು. ದೇಶ ಕಟ್ಟಿದ್ದು ಒಬ್ಬರೋ, ಹಲವರೋ? ಸ್ಥಾಪಕನೋ, ಸ್ಥಾಪಕರೋ? ಒಂದು ಅಕ್ಷರದ ಈ ವಾದದಲ್ಲಿ ಘಾನಾದವರು ಇವತ್ತಿಗೂ ಎರಡು ಪಾಲಾಗಿದ್ದಾರೆ.